ನಿಘಂಟುಕಾರ್ಯದ ಅಂದಾಜು ಮತ್ತು ನಿರ್ವಹಣೆ

ದ್ರಾವಿಡ ಭಾಷೆಗಳ ನಿಘಂಟುಗಳ ಚರಿತ್ರೆಯಲ್ಲಿ ಮದರಾಸು ನಗರಕ್ಕೆ ವಿಶಿಷ್ಟವಾದ ಸ್ಥಾನವಿದೆ. ವಿಲಿಯಂ ರೀವ್ ಸಂಪಾದಿಸಿದ ಕನ್ನಡ–ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಅಚ್ಚಾದುದು ಇಲ್ಲಿಯೇ. ಮಿರಾನ್ ವಿನ್‌ಸ್ಲೋ ಅವರ ತಮಿಳು ನಿಘಂಟು ೧೮೬೨ರಲ್ಲಿ ಬಂದುದೂ ಇಲ್ಲಿಂದಲೇ. ಕಿಟ್ಟೆಲರ ನಿಘಂಟನ್ನು ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳನ್ನು ಮದರಾಸು ವಿಶ್ವವಿದ್ಯಾನಿಲಯವು ೧೯೬೮ರಿಂದ ಮುಂದಕ್ಕೆ ಪ್ರಕಟಿಸಿತು. ಈ ಗ್ರಂಥಗಳ ಪಾಂಡಿತ್ಯವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಅವು ಹೇಗೆ ಮುಗಿದವು, ಏಕೆ ತಡವಾದವು, ಹಣ ಎಲ್ಲಿ ಹೋಯಿತು ಎಂಬ ವಿಚಾರವನ್ನು ಮಾತ್ರ ವಿದ್ವಾಂಸರು ಅಷ್ಟಾಗಿ ಗಮನಿಸಿಲ್ಲ. ಸಂಘಸಂಸ್ಥೆಗಳು ಹಮ್ಮಿಕೊಳ್ಳುವ ಯಾವುದೇ ದೊಡ್ಡ ಕಾರ್ಯಕ್ಕೂ ಇದರಿಂದ ತಿಳಿಯಬೇಕಾದುದು ಬಹಳವಿದೆ.

ತಮಿಳು ಮಹಾನಿಘಂಟಿನ ಕೆಲಸ ೧೯೧೩ರಲ್ಲಿ ಜೆ. ಎಸ್. ಚಾಂಡ್ಲರ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಅದಕ್ಕೆ ಹಾಕಿದ ಅಂದಾಜು ಐದು ವರ್ಷ, ಒಂದು ಲಕ್ಷ ರೂಪಾಯಿ. ಆರನೆಯ ಸಂಪುಟ ಹೊರಬಂದುದು ೧೯೩೬ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ಅನಂತರ. ವೆಚ್ಚ ನಾಲ್ಕು ಲಕ್ಷವನ್ನು ಮೀರಿತ್ತು. ಅನುಬಂಧ ಸಂಪುಟ ೧೯೩೯ರವರೆಗೂ ಕಾಯಬೇಕಾಯಿತು. ಇದನ್ನು ಕೇವಲ ಆಲಸ್ಯವೆಂದು ತಳ್ಳಿಹಾಕುವುದು ಅನ್ಯಾಯ. ವಿನ್‌ಸ್ಲೋ ನಿಘಂಟಿನ ಪರಿಷ್ಕರಣೆಯೆಂದು ಭಾವಿಸಿ ಲೆಕ್ಕ ಹಾಕಿದ ಕಾರ್ಯವು ನಡೆಯುತ್ತ ನಡೆಯುತ್ತ ಒಂದು ಲಕ್ಷಕ್ಕೂ ಮೀರಿದ ಶಬ್ದಗಳ ಹೊಸ ಗ್ರಂಥವೇ ಆಯಿತು. ಗುರಿ ಬೆಳೆಯಿತು, ಅಂದಾಜು ಮಾತ್ರ ಹಳೆಯದಾಗಿಯೇ ಉಳಿಯಿತು. ಗುರಿಯನ್ನು ಹಿಗ್ಗಿಸುವುದು ತಪ್ಪಲ್ಲ. ಹಿಗ್ಗಿಸಿದ ದಿನವೇ ಕಾಲವನ್ನೂ ಹಣವನ್ನೂ ಮತ್ತೆ ಎಣಿಸಿ, ಸಮಿತಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದಿರುವುದು ತಪ್ಪು. ಹಾಗೆ ಪಡೆಯದಿದ್ದರೆ ಮುಂದೆ ದೂರು ಸಂಪಾದಕರ ತಲೆಯ ಮೇಲೆ ಬೀಳುತ್ತದೆ.

ಇಂಥ ಅನುಭವ ತಮಿಳಿಗೆ ಮಾತ್ರ ಸೀಮಿತವಲ್ಲ. ಆಕ್ಸ್‌ಫರ್ಡಿನ ಇಂಗ್ಲಿಷ್ ಮಹಾನಿಘಂಟಿಗೆ ಜೇಮ್ಸ್ ಮರ್ರೆ ೧೮೭೯ರಲ್ಲಿ ಒಪ್ಪಂದ ಮಾಡಿಕೊಂಡಾಗ ಇಟ್ಟ ಅವಧಿ ಹತ್ತು ವರ್ಷ. ಅದು ಪೂರ್ಣವಾದುದು ೧೯೨೮ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ ಪ್ರಕಟವಾಯಿತು.

ಹಾಗಾದರೆ ಸರಿಯಾದ ಅಂದಾಜನ್ನು ಹಾಕುವುದು ಹೇಗೆ? ಸಂಘವೊಂದು ಇಪ್ಪತ್ತು ಸಾವಿರ ಶಬ್ದಗಳ ಕೋಶವೊಂದನ್ನು ಸಂಕಲ್ಪಿಸಿದೆ ಎಂದಿಟ್ಟುಕೊಳ್ಳೋಣ. ಸಂಪಾದಕರೊಬ್ಬರು ದಿನಕ್ಕೆ ಹದಿನೈದು ಶಬ್ದಗಳನ್ನು ಅರ್ಥ, ಪ್ರಯೋಗ, ವ್ಯುತ್ಪತ್ತಿಗಳೊಡನೆ ಪೂರೈಸಬಲ್ಲರು. ವರ್ಷಕ್ಕೆ ೨೫೦ ದಿನ ದುಡಿಯುವರು. ವರ್ಷಕ್ಕೆ ೩,೭೫೦ ಶಬ್ದಗಳಾಗುತ್ತವೆ. ಸಂಪಾದನೆಗೇ ಐದು ವರ್ಷ ನಾಲ್ಕು ತಿಂಗಳು ಬೇಕು. ಶಬ್ದಸಂಗ್ರಹ, ಮರುಪರಿಶೀಲನೆ, ಕರಡಚ್ಚು ತಿದ್ದುವಿಕೆ ಇವೆಲ್ಲ ಇದರ ಹೊರಗೆ. ‘ಮೂರು ವರ್ಷದಲ್ಲಿ ಮುಗಿಸುತ್ತೇವೆ’ ಎಂದು ವಾರ್ಷಿಕೋತ್ಸವದ ವೇದಿಕೆಯಿಂದ ಸಾರುವವರು ಈ ಸಣ್ಣ ಭಾಗಾಕಾರವನ್ನು ಮಾಡಿರುವುದು ಅಪರೂಪ.

ಆ ‘ದಿನಕ್ಕೆ ಹದಿನೈದು’ ಎಂಬ ಸಂಖ್ಯೆಯೂ ಊಹೆಯಿಂದ ಬರಬಾರದು. ಎರಡು ತಿಂಗಳು ಮಾದರಿಯಾಗಿ ಕೆಲಸ ಮಾಡಿ ನೋಡಬೇಕು. ಔಕಾರ, ಝಕಾರಗಳಂಥ ಕೆಲವೇ ಶಬ್ದಗಳ ಅಕ್ಷರವನ್ನು ಮಾದರಿಗೆ ಆರಿಸಿಕೊಂಡರೆ ಮೋಸಹೋಗುವುದು ನಿಶ್ಚಯ. ಕಕಾರದ ಒಂದು ಭಾಗವನ್ನೋ, ‘ಹಿಡಿ’, ‘ಬೀಳು’ ಮೊದಲಾದ ಬಹ್ವರ್ಥಕ ಧಾತುಗಳನ್ನೋ ತೆಗೆದುಕೊಳ್ಳಬೇಕು. ಒಂದೊಂದು ಧಾತು ಒಂದು ವಾರವನ್ನೇ ನುಂಗಬಹುದು.

ಲೆಕ್ಕಪತ್ರದ ರೀತಿಯನ್ನೂ ಇಲ್ಲಿ ಹೇಳಬೇಕು. ತಿಂಗಳಿಗೆ ಇಷ್ಟು ಸಂಬಳ, ಇಷ್ಟು ಕಾಗದ ಎಂಬ ಲೆಕ್ಕ ವೆಚ್ಚವನ್ನು ತಿಳಿಸುತ್ತದೆಯೇ ಹೊರತು ಪ್ರಗತಿಯನ್ನಲ್ಲ. ಮುಗಿದ ಪ್ರತಿ ನೂರು ಶಬ್ದಕ್ಕೆ ಆದ ವೆಚ್ಚವನ್ನು ಮೂರು ತಿಂಗಳಿಗೊಮ್ಮೆ ಬರೆದಿಟ್ಟರೆ, ಅರ್ಧ ಹಣ ತೀರುವ ಮೊದಲೇ ಅಪಾಯದ ಸೂಚನೆ ದೊರೆಯುತ್ತದೆ. ಸಾಲ ಕೊಡುವವನು ಕಟ್ಟಡದ ಗೋಡೆ ಎಷ್ಟು ಎತ್ತರಕ್ಕೆ ಬಂದಿದೆಯೆಂದು ನೋಡಿಯೇ ಮುಂದಿನ ಕಂತನ್ನು ಬಿಡುತ್ತಾನೆ. ದಾನಿಗಳೂ ಹಾಗೆ ಕೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ.

ಸಂಗ್ರಹಕ್ಕೆ ಒಂದು ಗಡುವನ್ನು ಹಾಕುವುದು ವಿದ್ವಾಂಸರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಹೊಸ ಶಾಸನ, ಹೊಸ ಹಸ್ತಪ್ರತಿ ದಿನವೂ ಕಾಣಿಸಿಕೊಳ್ಳುತ್ತವೆ. ಗಡುವಿನ ಅನಂತರ ಬಂದುದೆಲ್ಲ ಅನುಬಂಧಕ್ಕೆ ಹೋಗಲೆಂಬ ನಿಯಮವಿದ್ದರೆ ಯಾವ ಶಬ್ದವೂ ನಷ್ಟವಾಗುವುದಿಲ್ಲ. ಕಿಟ್ಟೆಲರ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕೋಶ ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದರಿಂದಲೇ ಮುಂದಿನವರಿಗೆ ಪರಿಷ್ಕರಿಸಲು ಒಂದು ಚೌಕಟ್ಟು ಸಿಕ್ಕಿತು. ಎಲ್ಲ ಶಬ್ದಗಳೂ ಸಿಗಲೆಂದು ಅವರು ಕಾದಿದ್ದರೆ ಚೀಟಿಗಳು ಮಾತ್ರ ಉಳಿಯುತ್ತಿದ್ದುವು.

ಕೊನೆಯದಾಗಿ, ವ್ಯಕ್ತಿಗಳ ಬದಲಾವಣೆ. ತಮಿಳು ನಿಘಂಟನ್ನು ಆರಂಭಿಸಿದವರು ಚಾಂಡ್ಲರ್, ೧೯೨೬ರಲ್ಲಿ ಹೊಣೆ ಹೊತ್ತು ದಡ ಮುಟ್ಟಿಸಿದವರು ಎಸ್. ವೈಯಾಪುರಿ ಪಿಳ್ಳೆ. ಮರ್ರೆ ೧೯೧೫ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ದೀರ್ಘಕಾಲದ ಕಾರ್ಯದಲ್ಲಿ ನಿವೃತ್ತಿ, ಕಾಯಿಲೆ, ಮರಣಗಳು ಆಕಸ್ಮಿಕಗಳಲ್ಲ. ಅಂದಾಜಿನಲ್ಲಿಯೇ ಸೇರಬೇಕಾದ ಬಾಬುಗಳು. ಕಾಗುಣಿತ, ಅರ್ಥಗಳ ಅನುಕ್ರಮ, ಸಂಕ್ಷೇಪಗಳು ಇವುಗಳ ನಿಯಮಾವಳಿ ಸಂಪಾದಕರ ತಲೆಯಲ್ಲಿರದೆ ಕಾಗದದ ಮೇಲಿರಬೇಕು. ತೀರ್ಮಾನ ಬದಲಾದಾಗಲೆಲ್ಲ ದಿನಾಂಕದೊಡನೆ ತಿದ್ದಬೇಕು. ಚೀಟಿಗಳು ಸಂಸ್ಥೆಯ ಸ್ವತ್ತೆಂದು ಮೊದಲೇ ಬರೆದುಕೊಳ್ಳಬೇಕು. ಯಾರ ಮನೆಯ ಅಟ್ಟಕ್ಕೂ ಅವು ಹೋಗಬಾರದು. ಮದರಾಸಿನ ತೇವದ ಗಾಳಿಗೂ ಚಂಡಮಾರುತಕ್ಕೂ ಕಾಗದ ಬಹುಕಾಲ ತಡೆಯುವುದಿಲ್ಲವಾದುದರಿಂದ, ಇಂದು ಗಣಕಯಂತ್ರದಲ್ಲಿ ಅವುಗಳ ಪ್ರತಿಯನ್ನು ಇಡಬಹುದು. ಆ ಪ್ರತಿಯೂ ಅದೇ ಕಟ್ಟಡದಲ್ಲಿರದೆ ಬೇರೊಂದು ಊರಿನಲ್ಲಿರಬೇಕು.