ಹೂಬಿಸಿಲು ಬೇಡುವ ಗಿಡ

"ಬಿಸಲಾಗ ಇಟ್ರ ಎಲಿ ಸುಡತಾವು, ನೆರಳಾಗ ಇಟ್ರ ಹೂವ ಬಿಡಂಗಿಲ್ಲ. ಇದಕ್ಕ ಎಷ್ಟು ಬಿಸಲು ಬೇಕಪಾ?"

ಗಡಹಿಂಗ್ಲಜದ ಸೋದರತ್ತಿ ಈ ಪ್ರಶ್ನೆ ಕೇಳಿದಾಗ ಅವರ ಕೈಯಲ್ಲಿ ಅಜೇಲಿಯಾ ಕುಂಡವಿತ್ತು. ಹಿಂದಿನ ಚಳಿಗಾಲದಲ್ಲಿ ತಂದಾಗ ಎಲೆ ಕಾಣದಷ್ಟು ಗುಲಾಬಿ ಹೂ ತುಂಬಿದ್ದ ಗಿಡ. ಏಪ್ರಿಲ್ ಹೊತ್ತಿಗೆ ಎಲೆಗಳ ಅಂಚು ಕಂದಿ, ತುದಿಗಳು ಕರಕಲಾಗಿದ್ದವು. ಮೊದಲು ಮಾಳಿಗೆಯ ಮೇಲಿಟ್ಟರು, ಆಮೇಲೆ ಬಚ್ಚಲಮನೆಯ ಹಿಂದಿನ ಕತ್ತಲಿಗೆ ಇಳಿಸಿದರು. ಎರಡೂ ಕಡೆ ಗಿಡ ಸೊರಗಿತು. ದಾಸವಾಳ, ಅಬ್ಬಲಿಗೆ, ದುಂಡುಮಲ್ಲಿಗೆ ಅವರ ಕೈಯಲ್ಲಿ ಎಂದೂ ಸೋತಿಲ್ಲ. ಇದೊಂದು ಯಾಕೆ ಹೀಗೆ ಎಂಬುದು ಅವರ ನೋವು.

ತೋಟಗಾರಿಕೆಯ ಪುಸ್ತಕ ತೆರೆದರೆ ಸಿಗುವ ಉತ್ತರ ಚಿಕ್ಕದು: ದಿನಕ್ಕೆ ನಾಲ್ಕರಿಂದ ಆರು ಗಂಟೆ ಬಿಸಿಲು, ಉಳಿದ ಹೊತ್ತು ನೆರಳು. ಅದನ್ನು ಬರೆದವರು ತಂಪು ನಾಡಿನವರು. ನಮ್ಮ ಕಡೆ ಬೆಳಿಗ್ಗೆ ಏಳರಿಂದ ಹನ್ನೊಂದರ ತನಕದ ನಾಲ್ಕು ಗಂಟೆಯೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕದ ನಾಲ್ಕು ಗಂಟೆಯೂ ಒಂದೇ ಎಂದು ಯಾರು ಹೇಳಿಯಾರು? ಕನ್ನಡಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಎಳೆಬಿಸಿಲು, ಏರುಬಿಸಿಲು, ಸುಡುಬಿಸಿಲು, ಇಳಿಬಿಸಿಲು ಎಂದು ಹೊತ್ತಿಗೊಂದು ಹೆಸರಿಟ್ಟ ಭಾಷೆ ನಮ್ಮದು. ಮೈಗೆ ಹಿತವಾಗುವ ಬಿಸಿಲಿಗೆ ಹೂಬಿಸಿಲು ಎಂಬ ಚೆಂದದ ಹೆಸರೂ ಇದೆ. ಅಜೇಲಿಯಾ ಬೇಡುವುದು ಆ ಹೂಬಿಸಿಲನ್ನು. ಗಂಟೆ ಎಣಿಸುವ ಮೊದಲು ಯಾವ ಹೊತ್ತಿನ ಬಿಸಿಲು ಎಂದು ನೋಡಿಕೊಳ್ಳಬೇಕು.

ಬಿಸಿಲಿನ ಲೆಕ್ಕ ಈ ಸೀಮೆಗೆ ಹೊಸದಲ್ಲ. ಕೊಲ್ಹಾಪುರದ ಅಂಬಾಬಾಯಿ ಗುಡಿಯ ಕಿರಣೋತ್ಸವ ನೋಡಿದವರಿಗೆ ಇದು ಗೊತ್ತು. ಪಶ್ಚಿಮಕ್ಕೆ ಮುಖ ಮಾಡಿದ ದೇವಿ. ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಒಳಬಂದು ಒಂದು ದಿನ ಪಾದ, ಮರುದಿನ ಎದೆ, ಮೂರನೆಯ ದಿನ ಇಡೀ ಮೂರ್ತಿಯನ್ನು ಮುಟ್ಟಬೇಕು. ನವೆಂಬರ್ 9, 10, 11 ಮತ್ತು ಜನವರಿ 31, ಫೆಬ್ರುವರಿ 1, 2 ಇದಕ್ಕೆ ಹೇಳುವ ದಿನಗಳು. ವರ್ಷಕ್ಕೆ ಎರಡು ಸಲ ಯಾಕೆ? ನವೆಂಬರಿನಲ್ಲಿ ದಕ್ಷಿಣಕ್ಕೆ ಸರಿಯುತ್ತ ಹೋಗುವ ಸೂರ್ಯ ಮುಳುಗುವ ಜಾಗಕ್ಕೇ, ಫೆಬ್ರುವರಿಯಲ್ಲಿ ಉತ್ತರಕ್ಕೆ ಮರಳುವಾಗ ಮತ್ತೆ ಬಂದು ಮುಳುಗುತ್ತಾನೆ. ಮೋಡ ಕವಿದರೆ, ಧೂಳು ಎದ್ದರೆ, ದಾರಿಗೆ ಕಟ್ಟಡವೊಂದು ಅಡ್ಡ ಬಂದರೆ ಕಿರಣ ಮೂರ್ತಿಯ ತನಕ ಮುಟ್ಟುವುದಿಲ್ಲ. ಬಾಗಿಲು ಅಲ್ಲೇ ಇರುತ್ತದೆ, ಬಿಸಿಲು ಜಾಗ ಬದಲಿಸುತ್ತದೆ. ನಮ್ಮ ಹಿತ್ತಲಲ್ಲೂ ಇದೇ ನಡೆಯುತ್ತದೆ. ಡಿಸೆಂಬರಿನಲ್ಲಿ ನೆರಳಿತ್ತೆಂದು ಗಿಡ ಇಟ್ಟ ಮೂಲೆಗೆ ಮೇ ತಿಂಗಳಲ್ಲಿ ಬೆಂಕಿಯಂಥ ಬಿಸಿಲು ಬೀಳಬಹುದು.

ಕೊಲ್ಹಾಪುರ ಇರುವುದು ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಇಲ್ಲಿ ನಡುಹಗಲಿನ ಸೂರ್ಯ ದಕ್ಷಿಣದ ಆಕಾಶದಲ್ಲಿ ಸುಮಾರು 50 ಡಿಗ್ರಿಯಷ್ಟು ಮಾತ್ರ ಏರುತ್ತಾನೆ. ಹತ್ತು ಅಡಿ ಗೋಡೆಯ ನೆರಳು ಉತ್ತರಕ್ಕೆ ಎಂಟು ಅಡಿಗೂ ಮೀರಿ ಚಾಚುತ್ತದೆ. ಮನೆಯ ಉತ್ತರಕ್ಕಿಟ್ಟ ಗಿಡಕ್ಕೆ ಆಗ ನೇರ ಬಿಸಿಲು ಸಿಗುವುದು ದುರ್ಲಭ. ಮೇ ಮೊದಲ ವಾರಕ್ಕೆ ಚಿತ್ರವೇ ಬೇರೆ. ಸೂರ್ಯ ನೆತ್ತಿಯ ಮೇಲೆ ಬಂದು, ನಿಂತ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಇಚಲಕರಂಜಿಗೆ ಹತ್ತಿರದ ಖಿದ್ರಾಪುರದ ಕೋಪೇಶ್ವರ ದೇಗುಲಕ್ಕೆ ಆ ದಿನಗಳಲ್ಲಿ ಹೋದರೆ, ಸ್ವರ್ಗಮಂಟಪದ ತೆರೆದ ಚಾವಣಿಯಿಂದ ಬಿಸಿಲು ನೆಟ್ಟಗೆ ಕೆಳಗಿನ ದುಂಡು ಚಪ್ಪಡಿಯ ಮೇಲೆ ಇಳಿಯುವುದನ್ನು ಕಾಣಬಹುದು. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಹೀಗಾಗಿ "ಉತ್ತರದ ಗೋಡೆ ತಂಪು" ಎಂಬ ಮಾತನ್ನು ನಂಬಿ ಗಿಡವಿಟ್ಟವರು ಮೇ ತಿಂಗಳಲ್ಲಿ ಮೋಸ ಹೋಗುತ್ತಾರೆ. ಇಳಿಹೊತ್ತಿನ ಬಿಸಿಲು ಓರೆಯಾಗಿ ಬಂದು ಆ ಗೋಡೆಯನ್ನೇ ಕಾಯಿಸುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು ಅದರಿಂದ ಎಂಟು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಆದ್ದರಿಂದ ಸೂರ್ಯ ಅತಿ ಎತ್ತರಕ್ಕೆ ಏರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಗಾಳಿಯ ಕಾವು ಏರುವುದು ಅದಕ್ಕೂ ತಡವಾಗಿ, ಎರಡೂವರೆ ಮೂರರ ಹೊತ್ತಿಗೆ. ಹತ್ತೂವರೆಯ ಬಿಸಿಲು ಬೆಳಕಿನಲ್ಲಿ ಎರಡೂವರೆಯ ಬಿಸಿಲಿನಷ್ಟೇ ಇದ್ದರೂ ಬೇಗೆ ಅಷ್ಟಿರುವುದಿಲ್ಲ. ರಾತ್ರಿಯಿಡೀ ತಣಿದ ಗೋಡೆ, ತಣಿದ ಮಣ್ಣು ಬೆಳಿಗ್ಗೆ ಗಿಡವನ್ನು ಕಾಯುತ್ತವೆ. ಪೂರ್ವದ ಗೋಡೆಗೆ ಆನಿಸಿಟ್ಟ ಅಜೇಲಿಯಾ ಚೆನ್ನಾಗಿರುವುದು ಇದಕ್ಕೇ. ಬೆಳಿಗ್ಗೆ ಮೂರು ನಾಲ್ಕು ಗಂಟೆ ಎಳೆಬಿಸಿಲು ಕುಡಿದು, ಹನ್ನೊಂದರ ಹೊತ್ತಿಗೆ ಅದು ಮನೆಯ ನೆರಳಿಗೆ ಸೇರಿದರೆ ಸಾಕು.

ಹಾಗಾದರೆ ಇದು ನೆರಳಿನ ಗಿಡವೇ ಎಂದು ಕೇಳುವವರಿದ್ದಾರೆ. ಅದರ ನೆಂಟರನ್ನು ನೋಡಿದರೆ ಹಾಗೆ ಹೇಳಲಾಗದು. ಒಂದು ಕಾಲಕ್ಕೆ ಅಜೇಲಿಯಾವನ್ನು ಬೇರೆಯೇ ಕುಲವೆಂದು ಎಣಿಸಿದ್ದರು. ಈಗ ಸಸ್ಯಶಾಸ್ತ್ರಜ್ಞರು ಅದನ್ನು ರೋಡೋಡೆಂಡ್ರಾನ್ ಕುಲದಲ್ಲೇ ಸೇರಿಸಿದ್ದಾರೆ. ಉತ್ತರಾಖಂಡದ ಬುರಾಂಶ್ ಅದೇ ಕುಲದ್ದು. ಅದರ ಒಂದು ಉಪಜಾತಿ ನಮ್ಮ ಚಾಮರಾಜನಗರದ ಗಡಿಯಾಚೆಯ ನೀಲಗಿರಿಯಲ್ಲಿ, ಬಡಗರ ಹಟ್ಟಿಗಳ ಸುತ್ತಲಿನ ಎತ್ತರದ ಹುಲ್ಲುಗಾವಲಿನಲ್ಲಿ, ಶೋಲಾ ಕಾಡಿನ ಅಂಚಿನಲ್ಲಿ ಬಯಲ ಬಿಸಿಲಿಗೆ ಮೈಯೊಡ್ಡಿ ನಿಂತು ಕೆಂಪಗೆ ಅರಳುತ್ತದೆ. ಅಲ್ಲಿ ಅದಕ್ಕೆ ಕೊಡೆ ಹಿಡಿಯುವವರಿಲ್ಲ. ಆದರೆ ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಕೊಲ್ಹಾಪುರ 570 ಮೀಟರ್ ಆಸುಪಾಸು. ಸಾವಿರ ಮೀಟರ್ ಏರಿದರೆ ಆರು ಆರೂವರೆ ಡಿಗ್ರಿ ಕಾವು ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ ಎರಡೂ ಊರಿನ ನಡುವೆ ಹತ್ತು ಡಿಗ್ರಿಯ ಅಂತರ. ಗಿಡ ಹೆದರುವುದು ಬೆಳಕಿಗಲ್ಲ, ಬೇಗೆಗೆ. ಬೆಳಕು ಕಡಿಮೆಯಾದರೆ ಅದಕ್ಕೆ ಸಂಕಟವೇ. ಗೆಣ್ಣುಗಳ ನಡುವೆ ಅಂತರ ಹೆಚ್ಚಿ ಕೊಂಬೆ ಸಪೂರವಾಗಿ ಚಾಚುತ್ತದೆ, ಮೊಗ್ಗು ಕಟ್ಟಲು ಬೇಕಾದ ಸಕ್ಕರೆ ಎಲೆಯಲ್ಲಿ ತಯಾರಾಗುವುದಿಲ್ಲ. ಅತ್ತಿಯ ಬಚ್ಚಲಮನೆಯ ಹಿಂದೆ ಆದದ್ದು ಅದೇ.

ಇಚಲಕರಂಜಿಯ ಕಷ್ಟ ಬೇರೆ ಬಗೆಯದು. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ಹೂಡಿದ ಊರು ಅದು. ಈಗ ಓಣಿ ಓಣಿಯಲ್ಲಿ ಮಗ್ಗದ ಶೆಡ್ಡು, ತಗಡಿನ ಚಾವಣಿ, ಒಂದಕ್ಕೊಂದು ಅಂಟಿದ ಗೋಡೆ. ಅಂಗಳವಿಲ್ಲದ ಮನೆಗಳಲ್ಲಿ ಹೂಗಿಡಗಳಿಗೆ ಉಳಿದ ಜಾಗ ಮಾಳಿಗೆಯೊಂದೇ. ಅಲ್ಲಿ ಮೇಲಿನ ಬಿಸಿಲಿನ ಜೊತೆಗೆ ಕೆಳಗಿನ ಕಾಂಕ್ರೀಟೂ ಪಕ್ಕದ ತಗಡೂ ಕಾವು ಉಗುಳುತ್ತವೆ. ಅಜೇಲಿಯಾದ ಬೇರು ಕೂದಲೆಳೆಯಂಥದ್ದು, ಮಣ್ಣಿನ ಮೇಲ್ಪದರದಲ್ಲೇ ಹರಡುತ್ತದೆ. ಎಲೆಗೆ ನೆರಳು ಮಾಡಿ ಕುಂಡವನ್ನು ಬಿಸಿಲಿಗೆ ಬಿಟ್ಟರೆ ಬೇರು ಬೇಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಂತೂ ಬೇಡವೇ ಬೇಡ. ಮಣ್ಣಿನ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ ನಡುವೆ ತೆಂಗಿನ ನಾರು ತುಂಬುವುದು, ಇಟ್ಟಿಗೆಯ ಮೇಲೆ ಎತ್ತಿಡುವುದು, ಮೇಲೆ ಅರ್ಧ ಬೆಳಕು ತಡೆಯುವ ಹಸಿರು ನೆಟ್ಟು ಕಟ್ಟುವುದು ಇಲ್ಲಿ ಅಗತ್ಯ.

ನೆಯ್ಗೆಯವರಿಗೆ ಈ ಬೆಳಕಿನ ಸೂಕ್ಷ್ಮ ಹೇಳಿಕೊಡಬೇಕಿಲ್ಲ. ಹಳೆಯ ಜವಳಿ ಮಿಲ್ಲುಗಳ ಗರಗಸದ ಹಲ್ಲಿನಂಥ ಚಾವಣಿ ಯಾಕೆ ಹಾಗಿರುತ್ತಿತ್ತು? ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಗಾಜು ಹಾಕಿ ಅದನ್ನು ಉತ್ತರಕ್ಕೆ ತಿರುಗಿಸುತ್ತಿದ್ದರು. ನೂಲಿನ ಎಳೆ ಎಳೆ ಕಾಣುವಷ್ಟು ಬೆಳಕು ಬರಬೇಕು, ಕಣ್ಣು ಕುಕ್ಕುವ ಬಿಸಿಲು ಬರಬಾರದು. ಬೆಳಗಿನ ಬಿಸಿಲು ಮುಗಿದ ಮೇಲೆ ಅಜೇಲಿಯಾಕ್ಕೆ ಬೇಕಾದದ್ದು ಅಂಥ ಬೆಳಕೇ. ಪರೀಕ್ಷಿಸುವ ಬಗೆಯೂ ಸುಲಭ. ಗಿಡದ ಮೇಲೆ ಅಂಗೈ ಹಿಡಿಯಿರಿ. ಬೆರಳಿನ ನೆರಳು ಕತ್ತರಿಸಿಟ್ಟಂತೆ ಚೂಪಾಗಿದ್ದರೆ ನೇರ ಬಿಸಿಲು, ಅಂಚು ಮಸುಕಾಗಿ ಮೂಡಿದರೆ ಸೋಸಿದ ಬೆಳಕು, ನೆರಳೇ ಕಾಣದಿದ್ದರೆ ಹೂವಿನ ಆಸೆ ಬಿಡಬೇಕು. ಒಂದು ಭಾನುವಾರ ಎರಡು ಗಂಟೆಗೊಮ್ಮೆ ಹೀಗೆ ನೋಡಿ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನೇ ಡಿಸೆಂಬರಿನಲ್ಲೂ ಏಪ್ರಿಲ್ ಕೊನೆಗೂ ಮಾಡಿದರೆ ನಿಮ್ಮ ಹಿತ್ತಲಿನ ಪಂಚಾಂಗ ನಿಮ್ಮ ಕೈಯಲ್ಲೇ ಇರುತ್ತದೆ.

ಸೋಸಿದ ನೆರಳಿಗೆ ಮರದಷ್ಟು ಒಳ್ಳೆಯದು ಬೇರೆ ಇಲ್ಲ, ಆದರೆ ಮರದ ಗುಣ ತಿಳಿದಿರಬೇಕು. ಗುಲ್‌ಮೊಹರು ಎಲೆ ಉದುರಿಸಿ ಬೋಳಾಗುವುದು ಬೇಸಿಗೆ ಏರುವಾಗಲೇ; ಅದನ್ನು ನಂಬಿದ ಗಿಡ ಬೀದಿಪಾಲು. ಬೇವು ಅದಕ್ಕಿಂತ ಮೊದಲೇ ಎಲೆ ಉದುರಿಸಿ ಏಪ್ರಿಲ್‌ಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ನುಗ್ಗೆಯ ನೆರಳು ಜಾಳು ಜಾಳಾಗಿ ಚೆನ್ನಾಗಿರುತ್ತದೆ. ಮಾವಿನ ಅಡಿ ಅತಿ ದಟ್ಟ.

ಬಿಸಿಲಿನ ಮೇಲೆ ಹೊರಿಸುವ ಒಂದು ತಪ್ಪು ನಿಜವಾಗಿ ಮಣ್ಣಿನದು. ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ನಮ್ಮವರು "ಬಿಸಲು ಬಡಿದೈತಿ" ಎಂದು ಕುಂಡವನ್ನು ಇನ್ನೂ ಒಳಗೆ ಸರಿಸುತ್ತಾರೆ. ಬಿಸಿಲು ಬಡಿದ ಎಲೆ ಹಾಗಿರುವುದಿಲ್ಲ. ಅದು ಬಿಸಿಲಿಗೆ ಬಿದ್ದ ಬದಿಯಲ್ಲಷ್ಟೇ ಬಿಳಿಚಿ, ಕಂದು ಕಲೆಯಾಗಿ ಒಣಗುತ್ತದೆ. ಹಸಿರು ನರದ ಹಳದಿ ಎಲೆ ಕಬ್ಬಿಣದ ಕೊರತೆ. ಅಜೇಲಿಯಾಕ್ಕೆ ಹುಳಿ ಮಣ್ಣು ಬೇಕು; ಪಿಎಚ್ 4.5ರಿಂದ 6ರೊಳಗೆ. ಪಂಚಗಂಗೆ, ಹಿರಣ್ಯಕೇಶಿಯ ಬಯಲಿನ ಎರೆಮಣ್ಣು ಕಬ್ಬಿಗೆ ಹೇಳಿ ಮಾಡಿಸಿದ್ದು, ಆದರೆ ಅದು ಕ್ಷಾರದ ಕಡೆ ವಾಲಿದ ಮಣ್ಣು. ಅಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕದು. ಕೇಪಳ ಬೆಳೆದವರು ಇದೇ ಹಳದಿಯನ್ನು ಕಂಡಿರುತ್ತಾರೆ. ಬೋರಿನ ಗಡಸು ನೀರು, ಒಲೆಯ ಬೂದಿ, ಸುಣ್ಣ ಬಳಿದ ಗೋಡೆಯಿಂದ ಮಳೆಗೆ ಇಳಿಯುವ ನೀರು ಎಲ್ಲವೂ ಕ್ಷಾರ ಹೆಚ್ಚಿಸುತ್ತವೆ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಗೊಬ್ಬರ ನಮ್ಮ ಕಡೆ ಧಾರಾಳ ಸಿಗುತ್ತದೆ. ಕಬ್ಬಿನ ರಸ ತಿಳಿಗೊಳಿಸಲು ಸುಣ್ಣ ಬಳಸಿರುವುದರಿಂದ ಈ ಗಿಡಕ್ಕೆ ಅದು ಒಲ್ಲದು.

ಗಡಹಿಂಗ್ಲಜದವರ ಅದೃಷ್ಟ ಇಲ್ಲಿದೆ. ಪಶ್ಚಿಮಕ್ಕೆ ಆಜರಾ, ಚಂದಗಡದ ಕಡೆ ಹೊರಟರೆ ಎರೆ ಮುಗಿದು ಕೆಂಪು ಜಂಬಿಟ್ಟಿಗೆ ನೆಲ ಶುರುವಾಗುತ್ತದೆ. ಗೇರು ಬೆಳೆಯುವ ಆ ಹುಳಿ ಮಣ್ಣನ್ನು ಎಲೆಗೊಬ್ಬರ ಮತ್ತು ಚೆನ್ನಾಗಿ ತೊಳೆದ ಕೋಕೋಪೀಟಿನ ಜೊತೆ ಬೆರೆಸಿ ಕುಂಡ ತುಂಬಿ, ಮಳೆನೀರು ಹಿಡಿದಿಟ್ಟು ಉಣಿಸಿದರೆ ಅಜೇಲಿಯಾ ಬದುಕುತ್ತದೆ. ಆಷಾಢದ ಜಡಿಮಳೆಗೆ ಮಾತ್ರ ಕುಂಡವನ್ನು ಸೂರಿನಡಿ ತರಬೇಕು. ಮೋಡದ ದಿನಗಳಲ್ಲಿ ಎಷ್ಟು ತೆರವಾಗಿಟ್ಟರೂ ಎಲೆ ಸುಡುವುದಿಲ್ಲ, ಆದರೆ ನೀರು ನಿಂತರೆ ಬೇರು ಕೊಳೆತು ಗಿಡ ಒಂದೇ ವಾರದಲ್ಲಿ ಜೋತುಬೀಳುತ್ತದೆ. ಆಡು, ಎಮ್ಮೆ ಇರುವ ಮನೆಯವರು ಇನ್ನೊಂದು ಎಚ್ಚರ ವಹಿಸಬೇಕು: ಎಲೆ, ಹೂ ಎರಡರಲ್ಲೂ ವಿಷವಿದೆ. ದನಕರುಗಳ ಬಾಯಿಗೆ ಎಟುಕದಂತೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಇಷ್ಟೆಲ್ಲ ಮಾಡಿದರೂ ಅಂಗಡಿಯಿಂದ ತಂದ ದಿನದ ಹಾಗೆ ಎಲೆ ಮುಚ್ಚುವಷ್ಟು ಹೂ ಬಿಡುತ್ತದೆ ಎಂಬ ಮಾತನ್ನು ನಾನು ಅತ್ತಿಗೆ ಕೊಡಲಿಲ್ಲ. ಚೀನಾ, ಜಪಾನಿನ ಮೂಲದಿಂದ ಬಂದು ಬೆಲ್ಜಿಯಮ್ಮಿನ ಘೆಂಟ್ ಸುತ್ತಮುತ್ತ ತಳಿಯಾಗಿ ಬೆಳೆದ ಗಿಡ ಇದು. ಬೆಚ್ಚನೆಯ ದಿನಗಳಲ್ಲಿ ಮೊಗ್ಗು ಕಟ್ಟಿಕೊಂಡು, ಆಮೇಲೆ ಕೆಲವು ವಾರ ಹತ್ತು ಡಿಗ್ರಿಯ ಆಸುಪಾಸಿನ ತಂಪು ಉಂಡರೇ ಅದು ಒಟ್ಟಾಗಿ ಅರಳುತ್ತದೆ. ನಮ್ಮ ಮಾಗಿಯ ರಾತ್ರಿಗಳು ಅಷ್ಟು ತಣ್ಣಗಿರುವುದು ಅಪರೂಪ. ಆದ್ದರಿಂದ ಇಲ್ಲಿ ಹೂ ಬಂದರೆ ಒಂದು ಕೊಂಬೆಯಲ್ಲಿ ಇಂದು, ಇನ್ನೊಂದರಲ್ಲಿ ಹದಿನೈದು ದಿನಕ್ಕೆ. ಕತ್ತರಿ ಆಡಿಸುವುದಿದ್ದರೆ ಹೂ ಬಾಡಿದ ಕೂಡಲೇ ಆಡಿಸಬೇಕು. ಮಳೆಗಾಲ ಕಳೆದ ಮೇಲೆ ಕತ್ತರಿಸಿದರೆ ಮುಂದಿನ ವರ್ಷದ ಮೊಗ್ಗೇ ಹೋಗುತ್ತದೆ.

ನಾವಿಬ್ಬರೂ ಸೇರಿ ಕುಂಡವನ್ನು ಪೂರ್ವದ ಪಡಸಾಲೆಯ ಮೆಟ್ಟಿಲ ಬದಿಗೆ ತಂದೆವು. ಎದುರಿಗೆ ನುಗ್ಗೆ, ಹಿಂದೆ ಮನೆಯ ಗೋಡೆ. ಮಣ್ಣು ಬದಲಿಸಿ, ಮೇಲೆ ಒಣ ಎಲೆ ಹೊದಿಸಿ ಆಯಿತು. ಬಾಗಿಲ ಚೌಕಟ್ಟಿನ ಮೇಲೆ ಅತ್ತಿ ಹಾಕಿದ ಸೀಮೆಸುಣ್ಣದ ಗೀರು ತಿಂಗಳು ತಿಂಗಳು ಸರಿಯುತ್ತ ಹೋಯಿತು, ಅದರ ಜೊತೆ ಕುಂಡವೂ ಗೇಣು ಗೇಣು ಸರಿಯಿತು. ಫೆಬ್ರುವರಿಯ ಒಂದು ಬೆಳಿಗ್ಗೆ ಅವರು ಫೋನು ಮಾಡಿದರು.

"ಏಳು ಹೂವ ಬಿಟ್ಟಾವ ನೋಡಪಾ. ಇನ್ನೂ ನಾಕ ಮೊಗ್ಗಿ ಅದಾವು. ಬಿಸಲು ಈಗ ಎರಡನೇ ಮೆಟ್ಟಲಿಗೆ ಬಂದೈತಿ, ಕುಂಡ ಒಂದೀಟು ಹಿಂದಕ ಸರಸ್ಲೇನು?"