ಮನೆಯಲ್ಲೊಂದು ಮೀನಿನ ತೊಟ್ಟಿ

ಆಯುಧಪೂಜೆ ಬಂದಿತೆಂದರೆ ನಮ್ಮ ಹೊಸೂರು ಸೀಮೆಯಲ್ಲಿ ತೊಳೆಯದೆ ಬಿಡುವ ವಸ್ತುವೇ ಇಲ್ಲ. ಟ್ರ್ಯಾಕ್ಟರಿನಿಂದ ತಕ್ಕಡಿಯವರೆಗೆ ಎಲ್ಲವೂ ಮಿಂದು ಕುಂಕುಮ ಇಟ್ಟುಕೊಳ್ಳುತ್ತವೆ. ಕೆಲವು ವರ್ಷಗಳ ಹಿಂದೆ ಅದೇ ಉತ್ಸಾಹದಲ್ಲಿ ನಾವು ಶಾಲೆಯ ಮೀನಿನ ತೊಟ್ಟಿಯನ್ನೂ ತೊಳೆಯಲು ಹೊರಟೆವು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಇದ್ದ ನೀರನ್ನೆಲ್ಲ ಚೆಲ್ಲಿ, ತಳದ ಜಲ್ಲಿಯನ್ನು ಬಿಸಿನೀರಿನಲ್ಲಿ ತೊಳೆದು, ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಹೊಸ ನೀರು ತುಂಬಿದೆವು. ತೊಟ್ಟಿ ಕನ್ನಡಿಯಂತೆ ಹೊಳೆಯಿತು. ರಜೆ ಮುಗಿಯುವಷ್ಟರಲ್ಲಿ ಹನ್ನೊಂದು ಮೀನುಗಳಲ್ಲಿ ಎಂಟು ಸತ್ತುಹೋಗಿದ್ದವು. ಆರನೆಯ ತರಗತಿಯ ಹುಡುಗಿಯೊಬ್ಬಳು, "ಅಷ್ಟು ಚೆನ್ನಾಗಿ ತೊಳೆದೆವಲ್ಲ ಸಾರ್, ಮತ್ತೇಕೆ ಸತ್ತವು?" ಎಂದು ಕೇಳಿದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕಲಿಸುವುದು ಕನ್ನಡ. ವಿಜ್ಞಾನದ ಮೇಷ್ಟರನ್ನು ಕೇಳಿ, ಪುಸ್ತಕಗಳನ್ನು ನೋಡಿ, ಮತ್ತೆ ತೊಟ್ಟಿ ಇಟ್ಟು ಕಲಿತುದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೀನುಗಳ ಬಗೆಗಿನ ಕುತೂಹಲ ನಮ್ಮವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕುವ ಆಹಾರವನ್ನೂ ಅರಸನು ಅದರಲ್ಲಿ ವರ್ಣಿಸಿದ್ದಾನೆ. ಗಾಜಿನ ತೊಟ್ಟಿ ಮಾತ್ರ ಈಚಿನದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆದದ್ದು 1853ರಲ್ಲಿ. ಮದರಾಸಿನ ಮರೀನಾ ತೀರದಲ್ಲಿ 1909ರಲ್ಲಿ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಮೀನು ಉಸಿರಾಡುವಾಗ ಕಿವಿರುಗಳ ಮೂಲಕ ಅಮೋನಿಯಾ ಎಂಬ ವಸ್ತುವನ್ನು ಹೊರಬಿಡುತ್ತದೆ. ಅದರ ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. ಕೆರೆಯಲ್ಲಿ ನೀರು ಅಪಾರವಾಗಿರುವುದರಿಂದ ವಿಷ ತೆಳುವಾಗಿ ಹೋಗುತ್ತದೆ. ತೊಟ್ಟಿಯಲ್ಲಿ ಅದು ದಿನದಿನಕ್ಕೆ ಸೇರುತ್ತಾ ಹೋಗುತ್ತದೆ. ಹಾಗಾದರೆ ತೊಟ್ಟಿಯ ಮೀನು ಬದುಕುವುದು ಹೇಗೆ? ಜಲ್ಲಿಯ ಮೇಲೆ, ಶೋಧಕದ ಸ್ಪಂಜಿನಲ್ಲಿ, ಗಾಜಿನ ಒಳಮೈಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವು ಆಮ್ಲಜನಕವನ್ನು ಹೊರುವುದಕ್ಕೆ ಅಡ್ಡಿಯಾಗುತ್ತದೆ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟಿನ ಬಾಧೆ ಬಹಳ ಕಡಿಮೆ. ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಮಣ್ಣಿನಲ್ಲಿ ಕಳಿತು ಪೈರಿಗೆ ಆಹಾರವಾಗುವಾಗಲೂ ನಡೆಯುವುದು ಇದೇ ಕೆಲಸ.

ನಾವು ಆಯುಧಪೂಜೆಗೆಂದು ಬಿಸಿನೀರಿನಿಂದಲೂ ನಲ್ಲಿಯ ನೀರಿನಿಂದಲೂ ತೊಳೆದು ಹಾಕಿದ್ದು ಕೊಳೆಯನ್ನಷ್ಟೇ ಅಲ್ಲ, ಈ ಬ್ಯಾಕ್ಟೀರಿಯಾಗಳನ್ನು ಕೂಡ. ತೊಟ್ಟಿಯ ಜಾಡಮಾಲಿಗಳನ್ನೇ ಹೊರಗಟ್ಟಿ, ಮನೆ ಶುಚಿಯಾಯಿತೆಂದು ಹಿಗ್ಗಿದೆವು!

ಆದುದರಿಂದ ಹೊಸ ತೊಟ್ಟಿಗೆ ಅದೇ ದಿನ ಮೀನುಗಳನ್ನು ತುಂಬಬಾರದು. ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಜಲ್ಲಿ, ನೀರು, ಗಿಡ ಹಾಕಿ ಶೋಧಕವನ್ನು ಓಡಿಸಿ, ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನು ಉದುರಿಸುತ್ತಿದ್ದರೆ ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಉಣಿಸಾಗುತ್ತದೆ. ಗೆಳೆಯರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ, ಅದರ ಜಲ್ಲಿಯನ್ನು ಒಂದು ಹಿಡಿ ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ. ಮೊಸರಿಗೆ ಹೆಪ್ಪು ಹಾಕಿದಂತೆ ಎನ್ನಬಹುದು. ಆಮೇಲೆ ಎರಡು ಮೂರು ಮೀನುಗಳಿಂದ ಮೊದಲು ಮಾಡಿ, ಕೆಲವು ವಾರ ಬಿಟ್ಟು ಉಳಿದವನ್ನು ತರಬೇಕು.

ನೀರಿನ ವಿಷಯದಲ್ಲಿ ನಮ್ಮ ಊರುಗಳ ಸಂಗತಿಯನ್ನು ಬೇರೆಯಾಗಿ ಹೇಳಬೇಕು. 2013ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಆರಂಭವಾದ ಮೇಲೆ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಕಾವೇರಿ ನೀರು ಬರುತ್ತಿದೆ. ರೋಗಾಣುಗಳು ಸಾಯಲೆಂದು ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಹಿತವಾದ ಆ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಅದರ ಮೇಲೆ ಬರೆದಿರುವ ಅಳತೆಯಲ್ಲಿ ಹಾಕಬಹುದು. ಕೊಳವೆಬಾವಿಯ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ. ಆದರೆ ಅದು ಗಡಸು. ಗಪ್ಪಿ, ಮಾಲಿಗಳಂಥ ಮೀನುಗಳಿಗೆ ಗಡಸು ನೀರು ಒಗ್ಗುತ್ತದೆ.

ಇನ್ನು ಎಷ್ಟು ಮೀನು ಸಾಕಬಹುದು ಎಂಬುದು ಲೆಕ್ಕದ ಮಾತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. 60, 30, 30 ಸೆಂಟಿಮೀಟರುಗಳನ್ನು ಗುಣಿಸಿ 1000ದಿಂದ ಭಾಗಿಸಿದರೆ 54 ಲೀಟರ್. ಜಲ್ಲಿಗೂ ಮೇಲೆ ಬಿಡುವ ಜಾಗಕ್ಕೂ ಕಳೆದರೆ ಉಳಿಯುವುದು ಸುಮಾರು 45 ಲೀಟರ್. ನೀರೇ 45 ಕಿಲೋ ತೂಗುವುದರಿಂದ ಮೇಜು ಗಟ್ಟಿಯಾಗಿರಬೇಕು. ಸಣ್ಣ ಮೀನುಗಳಾದರೆ ಬಾಲ ಬಿಟ್ಟು ಒಂದು ಸೆಂಟಿಮೀಟರ್ ಉದ್ದಕ್ಕೆ ಎರಡು ಲೀಟರ್ ನೀರು ಎಂಬುದು ಹವ್ಯಾಸಿಗಳ ಸ್ಥೂಲ ಸೂತ್ರ. ಎಂದರೆ ನಾಲ್ಕು ಸೆಂಟಿಮೀಟರ್ ಬೆಳೆಯುವ ಮೀನುಗಳು ಐದು ಅಥವಾ ಆರು. ಇಲ್ಲಿ ನೋಡಬೇಕಾದದ್ದು ಅಂಗಡಿಯಲ್ಲಿರುವಾಗಿನ ಅಳತೆಯನ್ನಲ್ಲ, ಬೆಳೆದ ಮೇಲಿನ ಅಳತೆಯನ್ನು. ನಮ್ಮ ಹನ್ನೊಂದರಲ್ಲಿ ನಾಲ್ಕು ಚಿನ್ನದ ಮೀನುಗಳಿದ್ದವು. ಹೆಬ್ಬೆರಳಿನಷ್ಟಿರುವ ಚಿನ್ನದ ಮೀನು ಚೆನ್ನಾಗಿ ಬೆಳೆದರೆ ಒಂದು ಗೇಣನ್ನು ಮೀರುತ್ತದೆ. ಅದನ್ನು ದುಂಡು ಗಾಜಿನ ಬುಡ್ಡಿಯಲ್ಲಿಡುವುದು ಎಳೆಗರುವನ್ನು ಗೂಡೆಯಲ್ಲಿ ಸಾಕಿದಂತೆ. ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಒಂದಡಿಗೂ ಹೆಚ್ಚು ಬೆಳೆಯುತ್ತದೆ. ಸಣ್ಣ ತೊಟ್ಟಿಗೆ ಅದು ಬೇಡ.

ಹವೆಯನ್ನೂ ನೋಡಿಕೊಳ್ಳಬೇಕು. ಹೊಸೂರು, ತಳಿ, ಡೆಂಕಣಿಕೋಟೆಗಳು ಎತ್ತರದ ನೆಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಏಂಜಲ್, ಫೈಟರ್ ಮೀನುಗಳಿಗೆ ಆಗ ನೀರು ಬಿಸಿಮಾಡುವ ಹೀಟರ್ ಬೇಕಾಗುತ್ತದೆ. ಜೀಬ್ರಾ ಮೀನು ನಮ್ಮ ದೇಶದ್ದೇ. ನೀಲಿ ಪಟ್ಟೆಗಳ ಈ ಚುರುಕು ಮೀನು ಚಳಿಯನ್ನು ಚೆನ್ನಾಗಿ ತಾಳುತ್ತದೆ. ಆರರ ಗುಂಪಾಗಿ ಇಟ್ಟರೆ ಅದಕ್ಕೂ ಸುಖ, ನೋಡುವವರಿಗೂ ಸುಖ. ಗಪ್ಪಿ ಬೇಕೆನ್ನುವವರು ಗಂಡುಗಳನ್ನಷ್ಟೇ ತರುವುದು ಮೇಲು. ಹೆಣ್ಣು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕಿ, ಮೇಲೆ ಹೇಳಿದ ಲೆಕ್ಕವನ್ನೆಲ್ಲ ಬುಡಮೇಲು ಮಾಡುತ್ತದೆ. ಕೃಷ್ಣಗಿರಿಯ ಕಡೆ ತೊಂದರೆ ಬೇಸಿಗೆಯದು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆಯಷ್ಟೇ. ಅಲ್ಲಿ ಮೀನುಗಳು ಇನ್ನೂ ಕಡಿಮೆಯಿರಲಿ. ಗಾಳಿಯ ಪಂಪು ನಿಲ್ಲದಿರಲಿ.

ದಿನದ ಕೆಲಸ ಸ್ವಲ್ಪವೇ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ದಿನಕ್ಕೆ ಒಂದು ಅಥವಾ ಎರಡು ಸಲ ಹಾಕಿದರೆ ಸಾಕು. ಮನೆಗೆ ಬಂದ ನೆಂಟರಿಷ್ಟರೆಲ್ಲ ಒಂದೊಂದು ಚಿಟಿಕೆ ಹಾಕುವ ಪದ್ಧತಿಯಿಂದ ಸತ್ತ ಮೀನುಗಳೇ ಹೆಚ್ಚು. ವಾರಕ್ಕೊಮ್ಮೆ ನೀರಿನ ಕಾಲು ಭಾಗವನ್ನು, ಎಂದರೆ ಹತ್ತು ಹನ್ನೆರಡು ಲೀಟರನ್ನು, ರಬ್ಬರ್ ಕೊಳವೆಯಿಂದ ತಳದ ಕಸದೊಡನೆ ಹೊರತೆಗೆಯಬೇಕು. ಕೊಳವೆಗೆ ಮೊದಲೇ ನೀರು ತುಂಬಿಕೊಳ್ಳಿ, ಬಾಯಿಂದ ಹೀರಕೂಡದು. ಶೋಧಕದ ಸ್ಪಂಜು ಕಟ್ಟಿಕೊಂಡಿದ್ದರೆ, ಹೀಗೆ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ ಇಟ್ಟರಾಯಿತು. ತೆರೆದಿಟ್ಟ ನೀರನ್ನು ನಿಧಾನವಾಗಿ ತುಂಬಬೇಕು. ಗಾಜಿನ ಪಾಚಿಯನ್ನು ಬಟ್ಟೆಯಿಂದ ಒರಸಬಹುದು. ಸೋಪು ಮಾತ್ರ ತೊಟ್ಟಿಯ ಹತ್ತಿರಕ್ಕೂ ಬರಕೂಡದು. ಹೊರತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದು ಗಿಡಗಳಿಗೆ ಒಳ್ಳೆಯ ಗೊಬ್ಬರ. ಗುಲಾಬಿಗೆ ಹೆಸರಾದ ಹೊಸೂರಿನಲ್ಲಿ ಅದನ್ನು ಮೋರಿಗೆ ಚೆಲ್ಲುವುದು ಸರಿಯೇ? ನಮ್ಮ ಶಾಲೆಯ ಗುಲಾಬಿ ಗಿಡಗಳು ಆ ನೀರನ್ನೇ ಕುಡಿಯುತ್ತಿವೆ.

ಕಡೆಯದಾಗಿ ಒಂದು ಎಚ್ಚರಿಕೆ. ಸಾಕಲಾರದ ಮೀನನ್ನು ಪುಣ್ಯ ಬರಲೆಂದು ಕೆರೆಗೆ ಬಿಡುವವರಿದ್ದಾರೆ. ಅದು ಪುಣ್ಯವಲ್ಲ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಭಾರತದ ಹಲವು ನದಿ, ಕೆರೆಗಳಲ್ಲಿ ಸೇರಿಕೊಂಡು ನಾಡ ಮೀನುಗಳ ನೆಲೆಯನ್ನು ಕೆಡಿಸಿದೆ. ಬೇಡವಾದ ಮೀನನ್ನು ಅಂಗಡಿಗೋ ಗೆಳೆಯರಿಗೋ ಕೊಡಿರಿ. ನಮ್ಮ ಹೊಳೆ ಕೆರೆಗಳಿಗೆ ಈಗಿರುವ ಭಾರವೇ ಸಾಕಷ್ಟಿದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬರುವ ದಕ್ಷಿಣ ಪಿನಾಕಿನಿಯ ನೀರು ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬೆಟ್ಟದಂತೆ ನೊರೆಗಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ತಾಳುವುದಕ್ಕಿಂತ ಹೆಚ್ಚಿನ ಕೊಳೆ ಬಿದ್ದರೆ ತೊಟ್ಟಿಯಾದರೂ ಅಷ್ಟೇ, ಜಲಾಶಯವಾದರೂ ಅಷ್ಟೇ.

ಶಾಲೆಯ ತೊಟ್ಟಿಯಲ್ಲಿ ಈಗ ಆರು ಜೀಬ್ರಾ ಮೀನುಗಳಿವೆ. ಜಲ್ಲಿಯ ಮೇಲೆ ತುಸು ಕಂದು ಬಣ್ಣ, ಮೂಲೆಯಲ್ಲಿ ತುಸು ಪಾಚಿ ಇದೆ. ಆಯುಧಪೂಜೆಯ ದಿನ ಹೊರಗಿನ ಗಾಜನ್ನಷ್ಟೇ ಒರಸಿ ಕುಂಕುಮ ಇಡುತ್ತೇವೆ. ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಶುಕ್ರವಾರ ಸಂಜೆ ನೀರು ಬದಲಿಸುವ ಸರದಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಚಿಕ್ಕ ಮಕ್ಕಳು ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಹೋದರೆ ಗದರಿಸುವವಳೂ ಅವಳೇ.