ಬಿಟ್‌ಕಾಯಿನ್ ನಿಧಿಗಳಿಗೆ ದೊರೆತ ಅನುಮತಿ: ಅದರ ಅರ್ಥವೇನು?

(ಕೂಟದ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾನು ವೃತ್ತಿಯಿಂದ ವೈದ್ಯ. ಅರ್ಥಶಾಸ್ತ್ರಜ್ಞನೂ ಅಲ್ಲ, ಹೂಡಿಕೆಯ ಸಲಹೆಗಾರನೂ ಅಲ್ಲ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮಲ್ಲಿ ಬಹುಮಂದಿಗೆ ಈ ದೇಶದಲ್ಲಿ ಪಿತ್ರಾರ್ಜಿತ ಆಸ್ತಿಯಿಲ್ಲ. ಮಕ್ಕಳ ಕಾಲೇಜಿಗೂ ನಮ್ಮ ಮುಪ್ಪಿಗೂ ಇರುವ ಆಧಾರವೆಂದರೆ ದುಡಿದು ಉಳಿಸಿದ ಹಣ ಮಾತ್ರ. ಅದರಲ್ಲಿ ಒಂದು ಪಾಲನ್ನು ಬಿಟ್‌ಕಾಯಿನ್ ನಿಧಿಗಳಲ್ಲಿ ತೊಡಗಿಸಬಹುದೆ ಎಂಬ ಪ್ರಶ್ನೆ ಈಗ ಮನೆಮನೆಯಲ್ಲೂ ಕೇಳಿಬರುತ್ತಿದೆ. ಪ್ರಶ್ನೆಯ ಬೆನ್ನಿಗೇ ಒಂದು ಸಮಾಧಾನವೂ ಬರುತ್ತದೆ: “ಸರ್ಕಾರವೇ ಅನುಮತಿ ಕೊಟ್ಟಿದೆಯಲ್ಲ!” ಈ ಸಮಾಧಾನ ಎಷ್ಟು ಗಟ್ಟಿಯಾದುದು ಎಂಬುದೇ ಇಂದಿನ ವಿಚಾರ.

2024ರ ಜನವರಿ 10ರಂದು ಅಮೆರಿಕದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್, ಅಂದರೆ ಷೇರುಪೇಟೆಯ ಮೇಲ್ವಿಚಾರಣೆಯ ಆಯೋಗ, ಬಿಟ್‌ಕಾಯಿನನ್ನೇ ನೇರವಾಗಿ ಕೊಂಡಿಡುವ 11 ನಿಧಿಗಳಿಗೆ ಷೇರುಪೇಟೆಯನ್ನು ಪ್ರವೇಶಿಸಲು ಅನುಮತಿ ನೀಡಿತು. ಅಂದಿನಿಂದ ಯಾವುದೇ ಕಂಪನಿಯ ಷೇರನ್ನು ಕೊಳ್ಳುವಷ್ಟೇ ಸುಲಭವಾಗಿ ಈ ನಿಧಿಗಳ ಷೇರುಗಳನ್ನೂ ಕೊಳ್ಳಬಹುದಾಗಿದೆ.

‘ಅನುಮತಿ’ ಎಂಬ ಪದಕ್ಕೆ ನಮ್ಮ ವೈದ್ಯವೃತ್ತಿಯಲ್ಲಿ ಒಂದು ಖಚಿತವಾದ ಅರ್ಥವಿದೆ. ಆ ಅರ್ಥ ಒಂದೇ ದಿನದಲ್ಲಿ ಬಂದುದಲ್ಲ. ಈ ದೇಶದ 1906ರ ಕಾಯಿದೆ ಔಷಧ ತಯಾರಕರಿಂದ ಮುಖ್ಯವಾಗಿ ಬಯಸಿದ್ದು ಶೀಶೆಯ ಮೇಲಿನ ಚೀಟಿ ಸುಳ್ಳು ಹೇಳಬಾರದೆಂಬುದನ್ನು. 1937ರಲ್ಲಿ ‘ಎಲಿಕ್ಸರ್ ಸಲ್ಫನಿಲಮೈಡ್’ ಎಂಬ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಆಗ ಕಾಯಿದೆಯ ಕೈಗೆ ಸಿಕ್ಕ ತಪ್ಪು ಒಂದೇ: ಮದ್ಯಸಾರವಿಲ್ಲದ ದ್ರವಕ್ಕೆ ‘ಎಲಿಕ್ಸರ್’ ಎಂದು ಹೆಸರಿಟ್ಟದ್ದು! ಈ ದುರಂತದ ಫಲವಾಗಿ 1938ರ ಕಾಯಿದೆ, ಔಷಧ ನಿರಪಾಯಕಾರಿಯೆಂದು ಮಾರುವ ಮೊದಲೇ ತೋರಿಸಬೇಕೆಂದು ವಿಧಿಸಿತು. ಥಾಲಿಡೋಮೈಡ್ ಪ್ರಕರಣದ ನಂತರ, 1962ರಲ್ಲಿ, ಔಷಧ ರೋಗಕ್ಕೆ ನಾಟುತ್ತದೆಂಬುದನ್ನೂ ಸಾಧಿಸಿ ತೋರಿಸಬೇಕಾಯಿತು. ಹೀಗೆ ಮೂರು ಮೆಟ್ಟಿಲು: ಸತ್ಯವಾದ ಚೀಟಿ, ಅಪಾಯವಿಲ್ಲದಿರುವಿಕೆ, ಗುಣ.

ಹೂಡಿಕೆಯ ಕಾಯಿದೆ ಬಹುಮಟ್ಟಿಗೆ ಇಂದಿಗೂ ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತಿದೆ. 1929ರ ಷೇರುಪೇಟೆಯ ಕುಸಿತದ ನಂತರ ಬಂದ 1933ರ ಕಾಯಿದೆಯ ತಿರುಳು ಇಷ್ಟೇ: ಮಾರುವವನು ಮುಖ್ಯ ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು, ಕೇಳಿದ ಮೇಲೆ ಕೊಳ್ಳುವುದೂ ಬಿಡುವುದೂ ಕೊಳ್ಳುವವನ ವಿವೇಚನೆ. ಆಯೋಗವು ಈ ಷೇರುಗಳನ್ನು ಒಪ್ಪಿಯೂ ಇಲ್ಲ, ನಿರಾಕರಿಸಿಯೂ ಇಲ್ಲ ಎಂಬ ಒಕ್ಕಣೆ ಪ್ರತಿಯೊಂದು ಪ್ರಾಸ್ಪೆಕ್ಟಸ್ಸಿನ ಮುಖಪುಟದಲ್ಲಿ ಇರಲೇಬೇಕು. ನಾವು ಓದದೆ ಪುಟ ತಿರುಗಿಸುವ ಸಾಲು ಅದು. 2024ರ ಅನುಮತಿಯ ದಿನವೇ ಅಂದಿನ ಅಧ್ಯಕ್ಷ ಗ್ಯಾರಿ ಗೆನ್ಸ್‌ಲರ್, ತಾವು ಬಿಟ್‌ಕಾಯಿನನ್ನು ಅನುಮೋದಿಸಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಅನುಮತಿ ದೊರೆತದ್ದು ಶೀಶೆಗೆ, ಒಳಗಿನ ಮದ್ದಿಗಲ್ಲ.

ಆ ಅನುಮತಿ ಬಂದ ಬಗೆಯನ್ನೂ ತಿಳಿಯಬೇಕು. ಇಂಥ ನಿಧಿಗಾಗಿ ವಿಂಕಲ್‌ವಾಸ್ ಸಹೋದರರು ಅರ್ಜಿ ಹಾಕಿದ್ದು 2013ರಲ್ಲಿ. 2017ರ ಮಾರ್ಚ್‌ನಲ್ಲಿ ಆಯೋಗ ಅದನ್ನು ತಳ್ಳಿಹಾಕಿತು. ಬಿಟ್‌ಕಾಯಿನ್ ಕೈಬದಲಾಗುವ ಪೇಟೆಗಳ ಮೇಲೆ ಸರಿಯಾದ ಕಣ್ಗಾವಲಿಲ್ಲ, ಬೆಲೆಯನ್ನು ಕೃತಕವಾಗಿ ಏರಿಸಿ ಇಳಿಸುವವರನ್ನು ಹಿಡಿಯುವ ಏರ್ಪಾಡಿಲ್ಲ ಎಂಬುದು ಅದರ ಆಕ್ಷೇಪಣೆ. ಮುಂದೆ 2021ರಲ್ಲಿ, ಬಿಟ್‌ಕಾಯಿನಿನ ಮುಂಗಡ ವ್ಯಾಪಾರದ ಕರಾರುಗಳನ್ನು ಕೊಳ್ಳುವ ನಿಧಿಗೆ ಅವಕಾಶ ದೊರೆಯಿತು. ಒಂದಕ್ಕೆ ಸಲ್ಲುವುದು ಇನ್ನೊಂದಕ್ಕೇಕೆ ಸಲ್ಲದು ಎಂದು ಗ್ರೇಸ್ಕೇಲ್ ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2023ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಒಂದೇ ಬಗೆಯ ಎರಡು ನಿಧಿಗಳಲ್ಲಿ ಭೇದವೆಣಿಸಿದ್ದಕ್ಕೆ ಆಯೋಗ ಸಕಾರಣ ಕೊಟ್ಟಿಲ್ಲವೆಂದು ತೀರ್ಪಿತ್ತಿತು. ಇದರಲ್ಲಿ ಬಿಟ್‌ಕಾಯಿನ್ ಒಳ್ಳೆಯದೆಂಬ ಮಾತು ಎಲ್ಲಿಯೂ ಇಲ್ಲವೆಂಬುದನ್ನು ಗಮನಿಸಬೇಕು.

ಹಾಗಾದರೆ ಈ ನಿಯಂತ್ರಣದಿಂದ ಪ್ರಯೋಜನವೇ ಇಲ್ಲವೆ? ನಿಶ್ಚಯವಾಗಿಯೂ ಇದೆ. 2014ರಲ್ಲಿ ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ವಿನಿಮಯ ಪೇಟೆ ಮುಳುಗಿದಾಗ ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾಗಿವೆಯೆಂದು ಸಾರಲಾಯಿತು. ಆಮೇಲೆ ಸಿಕ್ಕದ್ದು ಸುಮಾರು 2,00,000 ಮಾತ್ರ. 2022ರ ನವೆಂಬರ್‌ನಲ್ಲಿ ಎಫ್.ಟಿ.ಎಕ್ಸ್. ಎಂಬ ಪೇಟೆ ದಿವಾಳಿಯಾಯಿತು. ಗಿರಾಕಿಗಳ ಹಣವನ್ನು ದುರುಪಯೋಗಪಡಿಸಿದ ಅದರ ಸ್ಥಾಪಕನಿಗೆ 2024ರಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅನುಮತಿ ಪಡೆದ ನಿಧಿಯಲ್ಲಿ ನಾಣ್ಯಗಳನ್ನು ಕಾಯುವ ಸಂಸ್ಥೆ ಯಾವುದು, ಶುಲ್ಕವೆಷ್ಟು ಎಂಬುದು ಬರಹದಲ್ಲಿರುತ್ತದೆ, ಲೆಕ್ಕಪರಿಶೋಧನೆ ನಡೆಯುತ್ತದೆ. ದೊಡ್ಡ ವರ್ತಕ ಸಂಸ್ಥೆಗಳು ಬೇಡಿಕೆಗೆ ತಕ್ಕಂತೆ ಹೊಸ ಷೇರುಗಳನ್ನು ಪಡೆಯಬಲ್ಲವು, ಹಳೆಯವನ್ನು ಹಿಂದಿರುಗಿಸಬಲ್ಲವು. ಆದಕಾರಣ ಷೇರಿನ ಬೆಲೆ ಒಳಗಿರುವ ನಾಣ್ಯದ ಬೆಲೆಯಿಂದ ಬಹು ದೂರ ಹೋಗಲಾರದು. ಈ ಏರ್ಪಾಡಿಲ್ಲದಿದ್ದಾಗ, 2022ರ ಡಿಸೆಂಬರ್‌ನಲ್ಲಿ, ಗ್ರೇಸ್ಕೇಲ್ ಕಂಪನಿಯ ಹಳೆಯ ನಿಧಿಯ ಷೇರು ತನ್ನಲ್ಲಿದ್ದ ನಾಣ್ಯದ ಬೆಲೆಯ ಸುಮಾರು ಅರ್ಧಕ್ಕೆ ಮಾರಾಟವಾಗುತ್ತಿತ್ತು.

ದೊರೆಯದ ರಕ್ಷಣೆಗಳೂ ಉಂಟು. ಈ ನಿಧಿಗಳು ನೋಂದಣಿಯಾಗಿರುವುದು 1933ರ ಕಾಯಿದೆಯಡಿ. ಮ್ಯೂಚುಯಲ್ ಫಂಡುಗಳ ಸಾಲಕ್ಕೆ ಮಿತಿಯನ್ನೂ ಆಡಳಿತ ಮಂಡಲಿಯಲ್ಲಿ ಸ್ವತಂತ್ರ ಸದಸ್ಯರನ್ನೂ ವಿಧಿಸುವ 1940ರ ಕಾಯಿದೆಯಡಿ ಅಲ್ಲ. ಬ್ಯಾಂಕಿನ ಠೇವಣಿಗಿರುವ 2,50,000 ಡಾಲರುಗಳ ಸರ್ಕಾರಿ ವಿಮೆ ಇವಕ್ಕಿಲ್ಲ. ಬೆಲೆ ಕುಸಿದುದರಿಂದ ಆಗುವ ನಷ್ಟವನ್ನಂತೂ ಯಾರೂ ತುಂಬಿಕೊಡರು.

ಇನ್ನು ಒಳಗಿನ ಮದ್ದಿನ ಮಾತು. ಬಿಟ್‌ಕಾಯಿನ್ ಎಂಬುದು 2009ರ ಜನವರಿಯಲ್ಲಿ ಆರಂಭವಾದ ಒಂದು ಕಿರ್ದಿ ಪುಸ್ತಕವೆನ್ನಬಹುದು. ಅದರ ಪ್ರತಿ ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿದೆ. ಯಾರೊಬ್ಬನೂ ಅದನ್ನು ಗುಟ್ಟಾಗಿ ತಿದ್ದಲಾರ. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಹೊಸ ನಾಣ್ಯಗಳ ಹುಟ್ಟುವಳಿ ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ಯಾವ ಸರ್ಕಾರವೂ ಮನಬಂದಂತೆ ಅಚ್ಚುಹಾಕಲಾಗದ ಹಣ ಎಂಬುದೇ ಅದರ ಆಕರ್ಷಣೆ.

ಆದರೆ ವಿರಳವಾದುದೆಲ್ಲವೂ ಬೆಲೆಯುಳ್ಳದ್ದಲ್ಲ. ಕಂಪನಿಯ ಷೇರಿನ ಹಿಂದೆ ಲಾಭವಿದೆ, ಸಾಲಪತ್ರದ ಹಿಂದೆ ಬಡ್ಡಿಯಿದೆ, ಮನೆಯ ಹಿಂದೆ ಬಾಡಿಗೆಯಿದೆ. ಡಾಲರಿನ ಹಿಂದೆ ಅದರಲ್ಲಿಯೇ ತೆರಿಗೆ ಪಡೆಯುವ ಸರ್ಕಾರವಿದೆ. ಹಣವು ಕಣ್ಣಿಗೆ ಕಾಣದ ಅಂಕಿಯಾದುದು ದೋಷವಲ್ಲ. ನಮ್ಮ ಬ್ಯಾಂಕಿನ ಲೆಕ್ಕವೂ ಅಂಕಿಯೇ. 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಪ್ರಾಯೋಗಿಕವಾಗಿ ಜನಬಳಕೆಗೆ ಬಂದ ಡಿಜಿಟಲ್ ರೂಪಾಯಿಯೂ ಅಂಕಿಯೇ. ಆದರೆ ಅದಕ್ಕೆ ರಿಸರ್ವ್ ಬ್ಯಾಂಕ್ ಹೊಣೆ. ಬಿಟ್‌ಕಾಯಿನಿಗೆ ಹೊಣೆ ಯಾರೂ ಇಲ್ಲ. ನಾಳೆಯೂ ಅದನ್ನು ಬಯಸುವವನೊಬ್ಬ ಇರುತ್ತಾನೆಂಬ ನಂಬಿಕೆಯೇ ಅದರ ಬಂಡವಾಳ.

ಚಿನ್ನದ ಬೆಲೆಯೂ ಬಹುಪಾಲು ನಂಬಿಕೆಯೇ ಎಂದು ಬಿಟ್‌ಕಾಯಿನಿನ ಪಕ್ಷದವರು ವಾದಿಸುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಚಿನ್ನದ ಮೇಲಣ ನಂಬಿಕೆಗೆ ಸಾವಿರಾರು ವರ್ಷಗಳ ವಯಸ್ಸು. ಒಡವೆಯಾಗಿ ಅದಕ್ಕೊಂದು ಉಪಯೋಗವೂ ಉಂಟು. ನಮ್ಮ ‘ಹಣ’ ಎಂಬ ಮಾತೇ ಒಂದು ಕಾಲಕ್ಕೆ ಸಣ್ಣ ಚಿನ್ನದ ನಾಣ್ಯದ ಹೆಸರಾಗಿತ್ತು. ಬಿಟ್‌ಕಾಯಿನಿನ ನಾಡಿಮಿಡಿತವನ್ನು ನೋಡಿ: 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್, ಒಂದೇ ವರ್ಷದಲ್ಲಿ 16,000ಕ್ಕಿಂತ ಕೆಳಗೆ, 2024ರ ಡಿಸೆಂಬರ್‌ನಲ್ಲಿ 1,00,000ಕ್ಕಿಂತ ಮೇಲೆ. ಕಾದವನು ಗೆದ್ದ, ನಿಜ. ಆದರೆ 2022ರಲ್ಲಿಯೇ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದವನಿಗೆ ಕಾಯುವ ಸ್ವಾತಂತ್ರ್ಯವಿರಲಿಲ್ಲ. ಬೇಕಾದ ದಿನ ಕೈಗೆ ಸಿಗುವುದೆಂಬ ಭರವಸೆಯಿಲ್ಲದ್ದನ್ನು ಉಳಿತಾಯವೆಂದು ಕರೆಯಲಾಗದು.

ಅಧಿಕಾರಿಗಳ ಮಾತನ್ನೇ ಆಧರಿಸುವುದೂ ಕಷ್ಟ. ನಿವೃತ್ತಿ ನಿಧಿಗಳಲ್ಲಿ ಕ್ರಿಪ್ಟೋ ಸೇರಿಸುವಾಗ ಅತ್ಯಂತ ಎಚ್ಚರಿಕೆ ಬೇಕೆಂದು ಅಮೆರಿಕದ ಕಾರ್ಮಿಕ ಇಲಾಖೆ 2022ರ ಮಾರ್ಚ್‌ನಲ್ಲಿ ಹೇಳಿತು. 2025ರ ಮೇ ತಿಂಗಳಲ್ಲಿ ಆ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಸರ್ಕಾರ ಬದಲಾಯಿತು, ಮದ್ದಿನ ಗುಣ ಬದಲಾಗಲಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನ ನಾವು ರೋಗಿಗೆ ಎಲ್ಲವನ್ನೂ ವಿವರಿಸಿ ಒಪ್ಪಿಗೆಯ ಸಹಿ ಪಡೆಯುತ್ತೇವೆ. ಅದೇ ಕ್ರಮವನ್ನು ಮನೆಯಲ್ಲಿಯೂ ಅನುಸರಿಸಿ. ಕೊಳ್ಳುವ ಮೊದಲು ಗಂಡ ಹೆಂಡತಿ ಒಟ್ಟಿಗೆ ಕುಳಿತು ಪ್ರಾಸ್ಪೆಕ್ಟಸ್ಸಿನ ಅಪಾಯಗಳ ಭಾಗವನ್ನು ಓದಿ. ಮುಕ್ಕಾಲು ಪಾಲು ಕರಗಿಹೋದರೂ ಮನೆಯ ಕಂತು, ಮಕ್ಕಳ ಓದು, ಊರಿನಲ್ಲಿರುವ ತಂದೆತಾಯಿಗಳ ಆರೈಕೆ ಇವು ಯಾವುವೂ ನಿಲ್ಲವೆಂಬ ಖಾತರಿಯಿದ್ದರೆ, ಅಷ್ಟು ಮಾತ್ರ ಹೂಡಿ. ಇಲ್ಲವಾದರೆ ಅನುಮತಿಯ ಮುದ್ರೆ ಎಷ್ಟೇ ದೊಡ್ಡದಿದ್ದರೂ ಆ ಶೀಶೆಯ ಮುಚ್ಚಳ ತೆರೆಯಬೇಡಿ.